ಹದಿನೈದನೆಯ ಉತ್ತರ

ಮೊದಲ ದಿನದ ಮೊದಲ ಪ್ರಶ್ನೆ ನನ್ನದಲ್ಲ, ನನ್ನ ಜೊತೆಯ ಮೇಷ್ಟ್ರು ಪ್ರಜೋಷ್ ಮಾಷ್ ಅವರದು. ಅದರಿಂದ ಪೇಚಿಗೆ ಸಿಕ್ಕಿದ್ದು ಮಾತ್ರ ನಾನು.

ಕ್ಲಾಸಿನ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬಿದ್ದಿತ್ತು. ಹದಿನಾಲ್ಕು ಮಕ್ಕಳು ಫೋನೆತ್ತಿ ಅಲ್ಲಿದ್ದ ಕೋಡನ್ನು ಸ್ಕ್ಯಾನ್ ಮಾಡಿದರು. ಎಲ್ಲರ ಕೈಯಲ್ಲೂ ಒಂದೇ ಪ್ರಶ್ನೆ ತೆರೆದುಕೊಂಡಿತು: ಈ ಕಾಲೇಜಿನಲ್ಲೇ ಉಳಿಯಬೇಕೆಂಬ ಆಸೆ ನಿಮಗೆ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಒತ್ತಿ. ಹೆಸರು ಬೇಡ.

ಗೋಡೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಬಂದು ಕೂತವು. ಒಂದು, ಎರಡು, ಮೂರು. ಯಾರೋ ಪುಣ್ಯಾತ್ಮ ಸೊನ್ನೆಯನ್ನೇ ಒತ್ತಿದ್ದ. ತೀರಾ ಧಾರಾಳಿಗಳು ನಾಲ್ಕು ಕೊಟ್ಟಿದ್ದರು. ಎಲ್ಲ ಮುಗಿಯಿತು ಅನ್ನುವಾಗ ಬಲಗಡೆಯ ತುದಿಯಲ್ಲಿ ಒಂಟಿಯಾಗಿ ಒಂದು ಹತ್ತು ಬಂದು ನಿಂತಿತು.

ಕ್ಲಾಸು ಗೊಳ್ಳೆಂದಿತು. "ಯಾರೋ ಅದು? ತಲೆ ನೆಟ್ಟಗಿದ್ಯಾ?" ಎಂದು ಸನಲ್ ಎಂಬ ಉದ್ದಕಾಲಿನ ಹುಡುಗ ಕೂಗಿದ.

ನನಗೆ ಪಾಠಕ್ಕೊಂದು ಅವಕಾಶ ಸಿಕ್ಕಿತು. "ಯಾರದೋ ಬೆರಳು ಜಾರಿದೆ. ಹೀಗೆ ಗುಂಪಿಂದ ದೂರ ಹೋಗಿ ನಿಲ್ಲೋ ಅಂಕಿಗೆ ನಮ್ಮ ವಿಷಯದಲ್ಲಿ ಔಟ್‌ಲೈಯರ್ ಅಂತಾರೆ. ಒಂದೇ ಒಂದು ಸಾಕು, ಸರಾಸರಿಯನ್ನೆಲ್ಲ ಕೆಡಿಸಿಬಿಡುತ್ತೆ. ಮಾಷೇ, ಅದನ್ನ ಅಳಿಸಿ."

ಪ್ರಜೋಷ್ ಮಾಷ್ ಕೊನೆಯ ಬೆಂಚಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಮಾಮೂಲಿಗಿಂತ ಒಂದು ಕ್ಷಣ ಹೆಚ್ಚೇ ನೋಡಿದರು.

"ಅಳಿಸ್ಲೇಬೇಕಾ ಟೀಚರ್?"

"ಅಳಿಸಿ."

ಹತ್ತು ಮಾಯವಾಯಿತು. ಸರಾಸರಿ ಎರಡು ಬಿಂದು ಎಂಟರಿಂದ ಎರಡು ಬಿಂದು ಮೂರಕ್ಕೆ ಇಳಿಯಿತು. "ನೋಡಿದ್ರಾ?" ಅಂದೆ, ಏನೋ ಗೆದ್ದವಳ ಹಾಗೆ.

ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಪಳಯಂಗಾಡಿಯ ಫಿದಾ. ತಲೆಗೆ ಸುತ್ತಿದ ಹಸಿರು ತಟ್ಟ, ಚೂಪು ಗಲ್ಲ, ಕಣ್ಣಲ್ಲೇ ಜಗಳ.

"ಮಿಸ್ಸೇ, ಅವರು ನಿಜವಾಗ್ಲೂ ಹತ್ತು ಅಂತಲೇ ಒತ್ತಿದ್ರೆ?"

"ಒತ್ತಿರಲ್ಲ."

"ಹೇಗೆ ಗೊತ್ತು?"

"ಎಂಟು ವರ್ಷದಿಂದ ಇಲ್ಲಿದ್ದೀನಿ. ಗೊತ್ತು."

"ಅದು ಲೆಕ್ಕ ಅಲ್ಲ ಮಿಸ್, ಬೇಜಾರು."

ಹಿಂದಿನ ಬೆಂಚಿನಲ್ಲಿ ಮಾಷ್‌ಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅದು ಎಂಥ ಕೆಮ್ಮು ಎಂದು ನನಗೆ ಗೊತ್ತು. ಮೂರು ವರ್ಷದಿಂದ ಅದೇ ಕೆಮ್ಮನ್ನು ಕೇಳುತ್ತಿದ್ದೇನೆ.

ನಾನು ಸ್ಮಿಜ. ಕಣ್ಣೂರು ಜಿಲ್ಲೆಯ ಪಯ್ಯನ್ನೂರಿನಿಂದ ಒಳಗೆ, ಗುಡ್ಡದ ಮೇಲಿರುವ ಈ ಸಣ್ಣ ಕಾಲೇಜಿನ ಸ್ಟ್ಯಾಟಿಸ್ಟಿಕ್ಸ್ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ದೊಡ್ಡದಾಗಿ ಏನೂ ಅಂದುಕೊಳ್ಳಬೇಡಿ. ವಿಭಾಗದಲ್ಲಿ ಇರುವುದೇ ಇಬ್ಬರು. ನನ್ನದು ಕಾಯಂ ಕೆಲಸ, ಪ್ರಜೋಷ್ ಮಾಷ್ ಅವರದು ಗೆಸ್ಟ್. ಪ್ರತಿ ಜೂನಿನಲ್ಲಿ ಸಂದರ್ಶನಕ್ಕೆ ಬರುತ್ತಾರೆ, ಪ್ರತಿ ಮಾರ್ಚಿನಲ್ಲಿ ಬೀಳ್ಕೊಡುಗೆ ಟೀ ಕುಡಿಯುತ್ತಾರೆ. ಅವರ ತಿಂಗಳ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವಳು ನಾನು.

ಈ ಸಹಿಯೇ ನನ್ನ ಗಂಟಲಿನ ಮುಳ್ಳಾಗಿತ್ತು. ಮೂವತ್ತನಾಲ್ಕರ ಹೆಂಗಸು, ಕೈಯಲ್ಲಿ ಅಧಿಕಾರದ ಪೆನ್ನು ಹಿಡಿದು, ಒಬ್ಬ ಗೆಸ್ಟ್ ಮಾಷ್ ಮುಂದೆ "ನೀವಂದ್ರೆ ನನಗೆ ಇಷ್ಟ" ಎಂದು ಹೇಳಿದರೆ, ಆತ ಇಲ್ಲ ಅನ್ನುವುದಾದರೂ ಹೇಗೆ? ಹೂಂ ಅಂದರೂ ಅದನ್ನು ನಂಬುವುದಾದರೂ ಹೇಗೆ? ಹಾಗಾಗಿ ಮೂರು ವರ್ಷ ನಾನು ಹೇಳಿದ್ದೆಲ್ಲ ಸರಾಸರಿ, ಸಂಭವನೀಯತೆ ಮತ್ತು "ಮಾಷೇ, ಚಾಕ್‌ಪೀಸ್ ಇದ್ಯಾ?"

ಈ ವರ್ಷ ಅದೂ ಮುಗಿಯುವ ಹಾಗಿತ್ತು. ಮ್ಯಾನೇಜ್‌ಮೆಂಟಿನವರು ಕಡ್ಡಿ ಮುರಿದಂತೆ ಹೇಳಿದ್ದರು: ಸೀಟು ಹಂಚುವ ಕೊನೆಯ ಅಲಾಟ್‌ಮೆಂಟ್ ಪಟ್ಟಿ ಬಂದ ಮೇಲೆ ಮೊದಲ ವರ್ಷದಲ್ಲಿ ಹನ್ನೆರಡು ಮಕ್ಕಳಾದರೂ ಉಳಿದಿರಬೇಕು. ಒಬ್ಬರು ಕಡಿಮೆಯಾದರೂ ಆ ಕ್ಲಾಸನ್ನು ಗಣಿತದವರ ಜೊತೆ ಸೇರಿಸುತ್ತಾರೆ. ಮೇಲಿನ ವರ್ಷಗಳಿಗೆ ನಾನೊಬ್ಬಳೇ ಸಾಕು. ಗೆಸ್ಟ್ ಬೇಡ.

ನಮ್ಮಲ್ಲಿ ಮಕ್ಕಳು ಉಳಿಯುವುದು ಸುಲಭವಲ್ಲ. ಇಲ್ಲಿ ಸೇರಿದ ಮೇಲೂ ಅರ್ಜಿಯಲ್ಲಿ ಮೇಲೆ ಬರೆದ ಕಾಲೇಜುಗಳ ಆಸೆ ಜೀವಂತ ಇರುತ್ತದೆ. ಅದಕ್ಕೆ ಹೈಯರ್ ಆಪ್ಷನ್ ಅನ್ನುತ್ತಾರೆ. ಮುಂದಿನ ಪಟ್ಟಿಯಲ್ಲಿ ಅಲ್ಲಿ ಸೀಟು ಬಂದರೆ ಇಲ್ಲಿನದು ತಾನಾಗಿ ಹೋಗುತ್ತದೆ. ಇಲ್ಲೇ ಸಾಕು ಅನ್ನುವವರು ಫೋನು ತೆರೆದು ಆ ಆಸೆಯನ್ನು ತಾವೇ ರದ್ದು ಮಾಡಬೇಕು. ಅದಕ್ಕೇ ಮೊದಲೆರಡು ವಾರ ಮಕ್ಕಳು ಬಸ್ ನಿಲ್ದಾಣದಲ್ಲಿ ಕೂತ ಹಾಗೆ ಕ್ಲಾಸಿನಲ್ಲಿ ಕೂರುತ್ತಾರೆ. ಬ್ಯಾಗು ಮಡಿಲಲ್ಲೇ ಇರುತ್ತದೆ. ಕಡಿಮೆ ದರದಲ್ಲಿ ಓಡಾಡುವ ಬಸ್ಸಿನ ಕನ್ಸೆಷನ್ ಕಾರ್ಡನ್ನೂ ಮಾಡಿಸಿರುವುದಿಲ್ಲ.

"ಮಕ್ಕಳು ಹೇಗೂ ಫೋನ್ ಬಿಡಲ್ಲ, ಫೋನಲ್ಲೇ ಹಿಡೀರಿ" ಎಂದು ಪ್ರಿನ್ಸಿಪಾಲರು ಈ ಸಲ ಅಪ್ಪಣೆ ಕೊಟ್ಟಿದ್ದರು. ನನಗೆ ಫೋನೆಂದರೆ ಅಲರ್ಜಿ. ಮಾಷ್‌ಗೆ ಹಬ್ಬ.

---

"ಎಲ್ಲರೂ ಹೋಗ್ಬೇಕು ಅಂತ ಕೂತಿರುವಾಗ 'ಉಳಿಯೋಕೆ ಎಷ್ಟು ಆಸೆ' ಅಂತ ಕೇಳಿ ಮಾನ ತೆಗೆದ್ರಲ್ಲ" ಎಂದು ಕ್ಯಾಂಟೀನಿನಲ್ಲಿ ರೇಗಿದೆ.

"ರೋಗ ಎಷ್ಟಿದೆ ಅಂತ ಗೊತ್ತಾಗ್ದೆ ಔಷಧಿ ಹೇಗೆ ಕೊಡೋದು ಟೀಚರ್?" ಮಾಷ್ ಪಳಂಪೊರಿಯನ್ನು ಎರಡು ಮಾಡಿ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಸರಿಸಿದರು. ಹಿಟ್ಟಿನಲ್ಲಿ ಕರಿದ ಬಾಳೆಹಣ್ಣಿನ ಹಬೆ ನಮ್ಮಿಬ್ಬರ ನಡುವೆ ಎದ್ದಿತು.

"ನನಗೆ ಬೇಡ. ಬೆಳಿಗ್ಗೆ ತಿಂದಾಗಿದೆ."

"ನಿಮ್ಮ 'ಬೇಡ'ಕ್ಕೆ ಮೂರು ವರ್ಷದ ದತ್ತಾಂಶ ಇದೆ ನನ್ನ ಹತ್ರ. ನೂರಕ್ಕೆ ತೊಂಬತ್ತು ಸಲ ತಿಂದಿದ್ದೀರಿ."

ಕ್ಯಾಂಟೀನಿನ ಕಾರ್ತ್ಯಾಯನಿ ಚೇಚಿ ಟೀ ಎತ್ತಿ ಹೊಯ್ಯುತ್ತಾ, "ಉಳಿದ ಹತ್ತು ಸಲ ನೀನು ಕೊಡದೆ ಇದ್ದಾಗ ಕಿತ್ಕೊಂಡಿದ್ದಾಳೆ" ಅಂದಳು.

ನಾನು ತಿಂದೆ. ಅವರು ನೋಡಲಿಲ್ಲ. ನೋಡದೆ ಇರುವುದಕ್ಕೂ ಒಂದು ರೀತಿ ಇದೆ. ಕಣ್ಣು ಟೀ ಗ್ಲಾಸಿನೊಳಗೆ, ನಗು ಮಾತ್ರ ತುಟಿಯ ಒಂದು ತುದಿಯಲ್ಲಿ.

ಮಾರನೆಯ ದಿನ ಅವರು ಒಂದು ಗೋಡೆ ಕಟ್ಟಿದರು. ಇಟ್ಟಿಗೆಯದಲ್ಲ, ಫೋನಿನ ಗೋಡೆ. ಮಕ್ಕಳು ಹೆಸರು ಹಾಕದೆ ಏನು ಬೇಕಾದರೂ ಕೇಳಬಹುದು. ನಾವೂ ಹೆಸರು ಹಾಕದೆ ಉತ್ತರಿಸಬೇಕು. ಎದುರಿಗೆ ಬಾಯಿ ಬಿಡದ ಮಕ್ಕಳು ಅಲ್ಲಿ ವಾಚಾಳಿಗಳಾದರು. ಕ್ಯಾಂಟೀನಿನಲ್ಲಿ ಪಳಂಪೊರಿ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ? ಇಂಗ್ಲಿಷ್ ಬರದಿದ್ದರೆ ಫೇಲ್ ಮಾಡುತ್ತೀರಾ? ಅಪ್ಪ ಬೇರೆ ಕೋರ್ಸ್ ಅಂದುಕೊಂಡಿದ್ದಾರೆ, ಹೇಗೆ ಹೇಳಲಿ? ಈ ಕೊನೆಯ ಪ್ರಶ್ನೆಗೆ ಮಾಷ್ ಬಿಡುವಿನ ಹೊತ್ತನ್ನೆಲ್ಲ ಕೊಟ್ಟು ಉದ್ದದ ಉತ್ತರ ಬರೆದರು. ಟೈಪ್ ಮಾಡುವಾಗ ಅವರ ಹುಬ್ಬು ಗಂಟಾಗಿತ್ತು. ನಾನು ಉತ್ತರ ಪತ್ರಿಕೆ ತಿದ್ದುವ ಹಾಗೆ ನಟಿಸಿದೆ.

ಗುರುವಾರ ಗೋಡೆಯ ಮೇಲೆ ಇನ್ನೊಂದು ಪ್ರಶ್ನೆ ಬಂತು: ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಮದುವೆ ಆಗುತ್ತಾ?

"ಇದು ಮುಖ್ಯಸ್ಥರ ಪ್ರಶ್ನೆ" ಎಂದು ಮಾಷ್ ಫೋನನ್ನು ನನ್ನ ಕಡೆ ನೂಕಿದರು.

ನಾನು ಒಂದೇ ಬೆರಳಿನಲ್ಲಿ ಕುಟ್ಟಿದೆ: "ವಿಭಾಗದಲ್ಲಿ ಇಬ್ಬರೇ ಇದ್ದೇವೆ. ಇಬ್ಬರಿಗೂ ಆಗಿಲ್ಲ. ಆದರೆ ಮಾದರಿ ತೀರಾ ಚಿಕ್ಕದು, ತೀರ್ಮಾನಕ್ಕೆ ಬರಲಾಗದು."

ಅವರು ಓದಿದರು. ಫೋನು ತೆಗೆದುಕೊಂಡು ಕೆಳಗೆ ಒಂದು ಸಾಲು ಸೇರಿಸಿದರು: "ಅಧ್ಯಯನ ಮುಂದುವರಿದಿದೆ."

ಸಂಜೆಯೊಳಗೆ ಹದಿನಾಲ್ಕು ಮಕ್ಕಳೂ ಅದಕ್ಕೆ ಕೆಂಪು ಹೃದಯ ಒತ್ತಿದ್ದರು. ಹೆಸರು ಹಾಕದ ಗೋಡೆಯಲ್ಲಿ ಯಾರ ಸಾಲು ಯಾರದೆಂದು ಅವರಿಗೆ ಹೇಗೆ ಗೊತ್ತಾಯಿತೋ ನಾನು ಕಾಣೆ.

---

ಮೊದಲ ವಾರದ ಕೊನೆಗೆ ಒಂದು ಪಟ್ಟಿ ಬಂತು. ಇಬ್ಬರು ಹೋದರು. ಹನ್ನೆರಡು ಉಳಿದರು, ಸರಿಯಾಗಿ ಹನ್ನೆರಡು. ಇನ್ನು ಒಂದೇ ಪಟ್ಟಿ. ಅದು ಮುಂದಿನ ಶುಕ್ರವಾರ.

ಅವತ್ತು ಮಾಷ್ ಮಂಕಾಗಿದ್ದರು. ಸೋಮವಾರ ಬೆಳಿಗ್ಗೆ ಬರುವಾಗ ಮಾತ್ರ ಮುಖದಲ್ಲಿ ಏನೋ ಹೊಸ ತಂಟೆ ಇತ್ತು.

"ಟೀಚರ್, ಈ ಮಕ್ಕಳಿಗೆ ದಿನಾ ಸಿಟ್ಟು ಬರೋದು ಯಾವುದರ ಮೇಲೆ?"

"ನನ್ನ ಮೇಲೆ."

"ನಿಮ್ಮ ಬಿಟ್ರೆ?"

ಬಸ್ಸಿನ ಮೇಲೆ. ನಮ್ಮ ಗುಡ್ಡಕ್ಕೆ ಬರುವುದು ಖಾಸಗಿ ಬಸ್ಸುಗಳು. ಕನ್ಸೆಷನ್ ಮಕ್ಕಳನ್ನು ಕಂಡರೆ ಕೆಲವು ನಿಲ್ಲುವುದಿಲ್ಲ, ನಿಂತರೂ ಹೊತ್ತಿಗೆ ಬರುವುದಿಲ್ಲ. ಮಾಷ್ ಫೋನಿನಲ್ಲೇ ಒಂದು ಫಾರಂ ಮಾಡಿದರು. ಯಾವ ಬಸ್ಸು, ಯಾವ ಸ್ಟಾಪು, ಎಷ್ಟು ನಿಮಿಷ ತಡ, ನಿಲ್ಲಿಸಿದರೋ ಇಲ್ಲವೋ. ಪ್ರತಿಯೊಬ್ಬರೂ ನಿಂತಲ್ಲಿಂದಲೇ ಒತ್ತಬೇಕು. ಕ್ಲಾಸಿನ ಗೋಡೆಯ ಮೇಲೆ ಅದು ಬೆಳೆಯುತ್ತಾ ಹೋಗುತ್ತದೆ.

ಬುಧವಾರದೊಳಗೆ ಇನ್ನೂರು ಚುಕ್ಕಿ. ಬೆಳಿಗ್ಗೆ ಎಂಟೂ ನಲವತ್ತರ ಬಸ್ಸು ಸರಾಸರಿ ಹನ್ನೊಂದು ನಿಮಿಷ ತಡ ಎಂದು ಹನ್ನೆರಡು ಮಕ್ಕಳು ಲೆಕ್ಕ ಹಾಕಿ, ಆ ಚಿತ್ರವನ್ನು ಕಂಡಕ್ಟರಿಗೇ ತೋರಿಸಿದರು. ಮರುದಿನ ಅದು ಹೊತ್ತಿಗೆ ಸರಿಯಾಗಿ ಬಂತು.

"ಮಿಸ್ಸೇ, ನಮ್ಮ ಗ್ರಾಫಿಗೆ ಬಸ್ಸು ಹೆದರ್ತು!" ಎಂದು ಸನಲ್ ಕೂಗುತ್ತಾ ಬಂದ. ಅವತ್ತೇ ಕನ್ಸೆಷನ್ ಕಾರ್ಡಿನ ಅರ್ಜಿಗೆ ನನ್ನ ಮೇಜಿನ ಮುಂದೆ ಸಾಲು ನಿಂತಿತು. ಹೈಯರ್ ಆಪ್ಷನ್ ರದ್ದು ಮಾಡಿದೆವೆಂದು ಒಬ್ಬೊಬ್ಬರೇ ಫೋನು ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನ. ಗಡುವು ಸಂಜೆ ನಾಲ್ಕಕ್ಕೆ. ಫಿದಾ ಒಬ್ಬಳು ಬಾಕಿ.

ಆ ಫಿದಾಳೇ ಮಧ್ಯಾಹ್ನದ ಕ್ಲಾಸಿನಲ್ಲಿ ಕೈಯೆತ್ತಿದಳು.

"ಮಿಸ್, ಮೊದಲನೇ ದಿನದ ಅಂಕಿಗಳ ಮೇಲೆ ಹೋಮ್‌ವರ್ಕ್ ಮಾಡ್ತಿದ್ದೆ. ಒಟ್ಟು ಉತ್ತರ ಹದಿನೈದು."

"ಹೌದು, ಒಂದನ್ನ ತೆಗೆದ್ವಲ್ಲ."

"ತೆಗೆದ್ರಿ. ಆದ್ರೆ ಅವತ್ತು ನಾವು ಇದ್ದಿದ್ದು ಹದಿನಾಲ್ಕು ಜನ."

ನನ್ನ ಕೈಯ ಚಾಕ್ ಬೋರ್ಡಿನ ಮೇಲೇ ನಿಂತಿತು. ಮೊದಲು ಎಷ್ಟು ಉತ್ತರ ಬಂದಿದೆ ಎಂದು ಎಣಿಸಿ, ಆಮೇಲೆ ಉಳಿದದ್ದು. ಇದು ನಾನು ಪ್ರತಿ ವರ್ಷ ಕಲಿಸುವ ಮೊದಲ ಪಾಠ. ಅದನ್ನು ನಾನೇ ಮರೆತಿದ್ದೆ.

"ಮಿಸ್ ಒತ್ತಿದ್ರಾ?"

"ನಾನು ಫೋನ್ ಮುಟ್ಟಿರ್ಲಿಲ್ಲ."

ಹನ್ನೆರಡು ತಲೆಗಳು ನಿಧಾನವಾಗಿ ಹಿಂದಿನ ಬೆಂಚಿನ ಕಡೆ ತಿರುಗಿದವು. ಮಾಷ್ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಏನೋ ಭಾರೀ ಕೆಲಸದಲ್ಲಿದ್ದರು. ಕಿವಿ ಮಾತ್ರ ದಾಸವಾಳದ ಬಣ್ಣಕ್ಕೆ ತಿರುಗಿತ್ತು.

"ಸಾರ್ ಔಟ್‌ಲೈಯರ್!" ಎಂದು ಸನಲ್ ಮೇಜು ಬಡಿದ. ಕ್ಲಾಸು ಛಾವಣಿ ಹಾರುವ ಹಾಗೆ ಕೂಗಿತು.

ನಾನು ಬೋರ್ಡಿನ ಕಡೆ ತಿರುಗಿದೆ. ಬರೆಯಲು ಏನೂ ಇರಲಿಲ್ಲ. ಒಂದು ಗೆರೆ ಎಳೆದೆ, ಅದರ ಕೆಳಗೆ ಇನ್ನೊಂದು. ಅಳಿಸಲೇಬೇಕಾ ಟೀಚರ್ ಎಂದು ಕೇಳಿದ್ದರಲ್ಲ ಆ ಮನುಷ್ಯ! ಎಷ್ಟು ಮೆತ್ತಗೆ ಕೇಳಿದ್ದರು. ನಾನು ಎಷ್ಟು ಜೋರಾಗಿ ಹೇಳಿದ್ದೆ.

ಕ್ಲಾಸು ಬಿಟ್ಟ ಮೇಲೆ ವಿಭಾಗದ ಕೋಣೆಯಲ್ಲಿ ಇಬ್ಬರೇ ಆದೆವು. ಎರಡು ಮೇಜು, ನಡುವೆ ಒಂದು ಕಬ್ಬಿಣದ ಬೀರು.

"ಹತ್ತು?" ಅಂದೆ.

"ಬೆರಳು ಜಾರ್ತು."

"ಮಾಷೇ."

"ನೀವೇ ಹೇಳಿದ್ರಲ್ಲ, ಯಾರದೋ ಬೆರಳು ಜಾರಿದೆ ಅಂತ. ಮುಖ್ಯಸ್ಥರು ಹೇಳಿದ ಮೇಲೆ ಜಾರಿರಲೇಬೇಕು."

"ಪ್ರತಿ ಮಾರ್ಚಿಗೆ ಬೀಳ್ಕೊಡೋ ಕಾಲೇಜಿಗೆ ಹತ್ತು ಕೊಡೋರು ಯಾರಾದ್ರೂ ಇರ್ತಾರಾ?"

ಅವರು ಲ್ಯಾಪ್‌ಟಾಪ್ ಮುಚ್ಚಿದರು. ಈ ಸಲ ಕಣ್ಣು ತಪ್ಪಿಸಲಿಲ್ಲ. ನೇರವಾಗಿ ನನ್ನನ್ನು ನೋಡಿದರು. ನನ್ನ ಕೈಗೆ ಹತ್ತಿದ ಚಾಕ್ ಪುಡಿಯನ್ನೂ ನೋಡಿದರು.

"ಕಾಲೇಜಿಗೆ ಕೊಟ್ಟಿದ್ದು ಅಂತ ಯಾರು ಹೇಳಿದ್ರು?"

ಅವರೇ ಮುಂದುವರಿಸಿದರು, ದನಿ ತಗ್ಗಿಸಿ. "ಇದಕ್ಕಿಂತ ಜಾಸ್ತಿ ಹೇಳಲ್ಲ ಟೀಚರ್. ನನ್ನ ಹಾಜರಿಗೆ ಸಹಿ ಹಾಕೋರು ನೀವು. ನಾನೇನಾದ್ರೂ ಹೇಳಿದ್ರೆ, ಕೆಲಸ ಉಳಿಸ್ಕೊಳ್ಳೋಕೆ ಹೇಳ್ದ ಅಂತ ಒಂದಲ್ಲ ಒಂದು ದಿನ ನಿಮಗೇ ಅನುಮಾನ ಬರುತ್ತೆ. ಅದು ನನಗೆ ಬೇಡ."

ಒಂದೇ ಮುಳ್ಳು ಇಬ್ಬರ ಗಂಟಲಲ್ಲೂ ಇತ್ತು. ನಾನು ಹೂಂ ಅಂದೆ. ಅವರು ಮುಂದಿನ ಕ್ಲಾಸಿಗೆ ಎದ್ದು ಹೋದರು.

---

ಮೂರೂವರೆಗೆ ಫಿದಾ ಬಂದಳು. ಬಾಗಿಲಲ್ಲೇ ನಿಂತಳು.

"ಮಿಸ್ಸೇ, ಎರಡು ನಿಮಿಷ ಇದ್ಯಾ?"

ಕೂರು ಅಂದೆ. ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ಅವಳ ಅರ್ಜಿ ತೆರೆದಿತ್ತು. ಒಂದೇ ಒಂದು ಹೈಯರ್ ಆಪ್ಷನ್ ಉಳಿದಿತ್ತು: ಕಣ್ಣೂರಿನ ದೊಡ್ಡ ಕಾಲೇಜು, ಇದೇ ವಿಷಯ. ಅದರ ಪಕ್ಕ ರದ್ದು ಎಂಬ ಕೆಂಪು ಗುಂಡಿ.

"ಅಲ್ಲಿನ ಸಾಲಲ್ಲಿ ನನ್ನ ಮುಂದೆ ಇಬ್ಬರೇ ಇದ್ದಾರೆ. ನಾಳೆ ಪಟ್ಟಿಯಲ್ಲಿ ಗ್ಯಾರಂಟಿ ಬರುತ್ತೆ. ಆದ್ರೆ ಇಲ್ಲಿ... ಸನಲ್, ಬಸ್ಸು, ನಮ್ಮ ಗ್ರಾಫು, ನೀವು, ಸಾರ್..." ಅವಳ ಚೂಪು ಗಲ್ಲ ನಡುಗಿತು. "ಮೊದಲನೇ ದಿನ ಒಂದು ಒತ್ತಿದ್ದೆ ಮಿಸ್. ಈಗ ಕೇಳಿದ್ರೆ ಎಂಟು ಒತ್ತೀನಿ. ರದ್ದು ಮಾಡ್ಲಾ? ನೀವು ಹೇಳಿದ್ರೆ ಮಾಡ್ತೀನಿ."

ಗೋಡೆಯ ಗಡಿಯಾರ ನೋಡಿದೆ. ಗಡುವಿಗೆ ಇನ್ನು ಇಪ್ಪತ್ತೈದು ನಿಮಿಷ. ಮಾಡು ಅಂದರೆ ಸಾಕಿತ್ತು. ಎರಡೇ ಅಕ್ಷರ. ಹನ್ನೆರಡು ಹನ್ನೆರಡಾಗಿಯೇ ಉಳಿಯುತ್ತಿತ್ತು. ಬೀರುವಿನ ಆಚೆಗಿನ ಮೇಜಿನಲ್ಲಿ ಇನ್ನೊಂದು ವರ್ಷ ಆ ಕೆಮ್ಮು ಕೇಳುತ್ತಿತ್ತು. ಹನ್ನೆರಡರ ಲೆಕ್ಕ ಈ ಹುಡುಗಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಇಷ್ಟಪಟ್ಟೇ ಉಳಿದಳು ಎಂದು ನಾನೂ ನಂಬಿಕೊಳ್ಳಬಹುದಿತ್ತು. ಆ ಎರಡಕ್ಷರ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.

"ಮುಂದೆ ಏನು ಓದ್ಬೇಕು ಅಂತಿದ್ದೀಯ?" ಎಂದು ಕೇಳಿದೆ.

"ಎಮ್ಮೆಸ್ಸಿ. ಆಮೇಲೆ ರಿಸರ್ಚ್."

"ಅಲ್ಲಿ ಎಮ್ಮೆಸ್ಸಿ ಇದೆ. ಇಲ್ಲಿಲ್ಲ. ಅಲ್ಲಿ ವಿಭಾಗದಲ್ಲಿ ಏಳು ಜನ ಇದ್ದಾರೆ. ನಮ್ಮ ಲ್ಯಾಬಲ್ಲಿ ನಾಲ್ಕು ಕಂಪ್ಯೂಟರ್, ಅದರಲ್ಲಿ ಎರಡು ಕೆಟ್ಟಿದೆ. ನಿನ್ನಂಥವಳಿಗೆ ಮೂರೇ ವಾರದಲ್ಲಿ ಈ ಜಾಗ ಸಾಲದೆ ಹೋಗುತ್ತೆ."

"ಆದ್ರೆ ಇಷ್ಟ ಆಗಿದ್ಯಲ್ಲ ಮಿಸ್."

"ಇಷ್ಟ ಆಗಿದ್ದು ಎಲ್ಲಿಗೂ ಹೋಗಲ್ಲ. ಗುಂಡಿ ಮುಟ್ಬೇಡ. ಫೋನ್ ಒಳಗಿಡು."

ಅವಳು ಅತ್ತಳು. ನಾನು ಅವಳ ಬೆನ್ನು ಸವರಿದೆ. ಗಡಿಯಾರ ನಾಲ್ಕು ದಾಟುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು. ಅವಳು ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು, ನನ್ನ ಪಾಲಿನದನ್ನೂ ಅತ್ತೆ.

---

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಪಟ್ಟಿ ಬಂತು. ಫಿದಾಳ ಹೆಸರು ಕಣ್ಣೂರಿನಲ್ಲಿತ್ತು. ಮೂರಕ್ಕೆ ಪ್ರಿನ್ಸಿಪಾಲರ ಮೆಸೇಜ್ ಬಂತು. ಉಳಿದವರು ಹನ್ನೊಂದು. ಸೋಮವಾರದಿಂದ ಗಣಿತ ವಿಭಾಗದ ಜೊತೆ ಕ್ಲಾಸು. ಗೆಸ್ಟ್ ಸೇವೆ ಇಂದಿಗೆ ಮುಕ್ತಾಯ. ಕೊನೆಯಲ್ಲಿ ಕೈಮುಗಿದ ಒಂದು ಚಿತ್ರ.

ಮಾಷ್ ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು. ಮೂರು ವರ್ಷದ ಸಾಮಾನು ಒಂದು ಬಟ್ಟೆ ಚೀಲಕ್ಕೆ ಸಾಕಾಗಿತ್ತು.

ನಿಂತಲ್ಲೇ ಹೇಳಿಬಿಟ್ಟೆ. "ಮಾಷೇ, ಫಿದಾ ನಿನ್ನೆ ನನ್ನ ಹತ್ರ ಕೇಳಿದ್ಳು. ಇರು ಅಂದಿದ್ರೆ ಇರ್ತಿದ್ಳು. ನಾನೇ ಹೋಗು ಅಂದೆ. ನಿಮ್ಮ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಅಂದೆ."

ಬೈಯಲಿ ಎಂದು ಕಾದೆ. ಅವರು ಜೇಬಿನಿಂದ ಫೋನು ತೆಗೆದು, ಆ ಹೆಸರಿಲ್ಲದ ಗೋಡೆಯನ್ನು ತೆರೆದು ನನ್ನ ಮುಂದೆ ಹಿಡಿದರು. ಬುಧವಾರ ಬೆಳಿಗ್ಗೆಯ ಪ್ರಶ್ನೆ: ಇಷ್ಟವಾಗತೊಡಗಿದ ಜಾಗ ಬಿಟ್ಟು ಇನ್ನೂ ಒಳ್ಳೆಯ ಜಾಗಕ್ಕೆ ಹೋಗುವುದು ತಪ್ಪಾ? ಅದರ ಕೆಳಗೆ ಅವರದೇ ಉತ್ತರ: ತಪ್ಪಲ್ಲ ಮಗೂ. ಯಾರ ಮುಖವನ್ನೂ ನೋಡಬೇಡ, ಹೋಗು.

"ಆಮೇಲೆ ಫಿದಾ ಎದುರಿಗೇ ಬಂದು ಕಣ್ಣೂರಿನ ಕಾಲೇಜಿನ ಹಾಸ್ಟೆಲ್ ಬಗ್ಗೆ ಕೇಳಿದ್ಳು. ಗೋಡೆಯ ಪ್ರಶ್ನೆಯೂ ಇವಳದೇ ಅಂತ ಗೊತ್ತಾಯ್ತು" ಅಂದರು. "ನಿಮಗೆ ಹೇಗೆ ಹೇಳೋದು ಅಂತ ನಾನು ಎರಡು ದಿನದಿಂದ ಒದ್ದಾಡ್ತಿದ್ದೆ. ಹನ್ನೆರಡಕ್ಕೆ ನೀವು ಅಷ್ಟು ಕಷ್ಟಪಟ್ಟಿದ್ರಿ. ಬಸ್ ಸ್ಟಾಪಲ್ಲಿ ನಿಂತು ಚುಕ್ಕಿ ಒತ್ತಿದ್ರಿ."

"ಯಾರು ಹೇಳಿದ್ರು ನಾನು ಒತ್ತಿದೆ ಅಂತ?"

"ಒಂದೇ ಬೆರಳಲ್ಲಿ ಟೈಪ್ ಮಾಡೋರು ಕಾಲೇಜಲ್ಲಿ ಒಬ್ಬರೇ. ಮೂರು ಸಲ ಬಸ್ಸಿನ ಹೆಸರು ತಪ್ಪಾಗಿತ್ತು."

ನಗು ಬಂತು. ನಗುವಿನ ಬೆನ್ನಿಗೇ ಕಣ್ಣು ತುಂಬಿತು. ಒಂದೇ ಹುಡುಗಿಗೆ, ಒಬ್ಬರಿಗೊಬ್ಬರು ತಿಳಿಸದೆ, ಇಬ್ಬರೂ ಒಂದೇ ಉತ್ತರ ಕೊಟ್ಟಿದ್ದೆವು. ಇಬ್ಬರಿಗೂ ನಷ್ಟ ತರುವ ಉತ್ತರವನ್ನೇ ಕೊಟ್ಟಿದ್ದೆವು. ಈ ಮನುಷ್ಯನನ್ನು ಬಿಟ್ಟರೆ ಬೇರೆ ಯಾರೂ ನನಗೆ ಬೇಡ ಎಂದು ಆಗ ನನಗೆ ಖಾತ್ರಿಯಾಯಿತು.

ಬೀರು ತೆಗೆದೆ. ಹಾಜರಿ ಪುಸ್ತಕ ತೆಗೆದೆ. ಇವತ್ತಿನ ದಿನಾಂಕದ ಮುಂದೆ ಸಹಿ ಹಾಕಿದೆ. ಕೆಳಗೆ ಗೆರೆ ಎಳೆದು ಪುಸ್ತಕ ಮುಚ್ಚಿ ಬೀರುವಿನೊಳಗಿಟ್ಟು ಬೀಗ ಹಾಕಿದೆ. ಅವರು ಏನೂ ಅರ್ಥವಾಗದೆ ನೋಡುತ್ತಿದ್ದರು.

"ಮುಗೀತು. ಇನ್ನು ನಾನು ನಿಮ್ಮ ಮುಖ್ಯಸ್ಥೆ ಅಲ್ಲ, ನೀವು ನನ್ನ ಗೆಸ್ಟ್ ಅಲ್ಲ" ಅಂದೆ. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. "ಈಗ ಕೇಳ್ತೀನಿ. ನಿಮ್ಮ ಅಮ್ಮನ್ನ ಕರ್ಕೊಂಡು ನಮ್ಮನೆಗೆ ಹೆಣ್ಣು ನೋಡೋಕೆ ಬರ್ತೀರಾ?"

ಅವರ ಕೈಯ ಚೀಲ ನಿಧಾನವಾಗಿ ಮೇಜಿನ ಮೇಲೆ ಇಳಿಯಿತು.

"ಕೆಲಸ ಹೋಗಿ ಒಂದು ಗಂಟೆ ಆಗಿಲ್ಲ ಟೀಚರ್. ಹುಡುಗ ಏನ್ ಮಾಡ್ತಿದ್ದಾನೆ ಅಂತ ನಿಮ್ಮಪ್ಪ ಮೊದಲು ಅದನ್ನೇ ಕೇಳ್ತಾರೆ."

"ಹೇಳ್ತೀನಿ. ತನ್ನ ಅನ್ನ ಹೋಗುತ್ತೆ ಅಂತ ಗೊತ್ತಿದ್ದೂ ಒಂದು ಹುಡುಗಿಗೆ ನಿಜ ಹೇಳಿದ ಅಂತ. ಇಂಥ ಅಳಿಯ ಅವರಿಗೆ ಬೇರೆಲ್ಲಿ ಸಿಗ್ತಾನೆ? ಕೆಲಸ ಇನ್ನೊಂದು ಬರುತ್ತೆ. ಬರೋ ತನಕ ನನಗಿದ್ಯಲ್ಲ."

"ಊರು ನಗುತ್ತೆ."

"ನಗ್ಲಿ. ನಿಮಗೆ ಬೇಕೋ ಬೇಡ್ವೋ, ಅದನ್ನ ಹೇಳಿ."

ಅವರು ನನ್ನ ಮುಂದೆ ಬಂದು ನಿಂತರು. ಬೀರುವಿನ ಈಚೆ ಅವರು ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಸೆರಗಿನಲ್ಲಿ ಅಡಗಿದ್ದ ನನ್ನ ಕೈಯನ್ನು ಹುಡುಕಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬೇಕು" ಅಂದರು. "ಮೊದಲನೇ ವರ್ಷದಿಂದ ಬೇಕು ಸ್ಮಿಜಾ."

ಆಮೇಲೆ ಒಂದು ಕೈಯನ್ನು ಬಿಡದೆ, ಇನ್ನೊಂದರಲ್ಲಿ ಫೋನು ತೆಗೆದು ಅಮ್ಮನಿಗೆ ಕರೆ ಮಾಡಿ ಸ್ಪೀಕರ್ ಒತ್ತಿದರು. ಆಚೆ ಕಡೆ ಒಗ್ಗರಣೆಯ ಸದ್ದು.

"ಏನೋ ಈ ಹೊತ್ತಲ್ಲಿ?"

"ಅಮ್ಮ, ಕೆಲಸ ಹೋಯ್ತು."

"ಹೋಗ್ಲಿ ಬಿಡು. ಊಟ ಆಯ್ತಾ?"

"ಅಮ್ಮ, ಹೆಣ್ಣು ನೋಡೋಕೆ ಹೋಗ್ಬೇಕು."

"ಕೆಲಸ ಹೋದ ದಿನ ಹೆಣ್ಣು ಹುಡುಕೋನು ಕಣ್ಣೂರು ಜಿಲ್ಲೆಗೆಲ್ಲ ನೀನೊಬ್ಬನೇ. ಯಾರ ಮನೆಗೆ?"

"ಸ್ಮಿಜ ಟೀಚರ್ ಮನೆಗೆ."

ಒಗ್ಗರಣೆಯ ಸದ್ದು ನಿಂತಿತು. ಆಕೆ ಒಲೆ ಆರಿಸಿರಬೇಕು.

"ಕೆಲಸ ಹೋಗಿದ್ದು ಆ ಹುಡುಗಿಗೆ ಗೊತ್ತೇನೋ? ಮುಚ್ಚಿಟ್ಟು ಹೆಣ್ಣು ಕೇಳೋಕೆ ನಾನು ಬರಲ್ಲ."

ಮಾಷ್ ನನ್ನನ್ನು ನೋಡಿದರು. ನಾನು ಫೋನಿನ ಕಡೆ ಬಗ್ಗಿದೆ. "ಗೊತ್ತಮ್ಮಾ. ಹೋಗೋ ಹಾಗೆ ಮಾಡಿದ್ದೇ ನಾನು."

ಆಮೇಲೆ ಆ ಕಡೆಯಿಂದ ಮೆಲ್ಲನೆಯ ನಗು ಕೇಳಿಸಿತು, ಥೇಟ್ ಮಗನ ಕೆಮ್ಮಿನ ಹಾಗೆ.

"ಹಾಗಾದ್ರೆ ಮಗಳೇ, ಇನ್ನು ನಾನು ನಿನ್ನ ಹತ್ರಾನೇ ಮಾತಾಡ್ತೀನಿ. ಅವನನ್ನ ನಂಬಿ ಕೂತ್ರೆ ಇನ್ನೂ ಮೂರು ವರ್ಷ ಹೋಗುತ್ತೆ. ಭಾನುವಾರ ಬರ್ತೀನಿ, ಅಪ್ಪನಿಗೆ ಹೇಳಿಡು. ಮೀನು ತಿಂತೀಯಲ್ಲ?"

"ತಿಂತೀನಮ್ಮಾ" ಅಂದೆ. ಕಣ್ಣೀರು ಮೂಗಿನ ತುದಿಯಿಂದ ಫೋನಿನ ಮೇಲೆ ತೊಟ್ಟಿಕ್ಕಿತು. ಪ್ರಜೋಷ್ ಅದನ್ನು ಹೆಬ್ಬೆರಳಿನಿಂದ ಒರೆಸಿದರು.